ಮೊಹರಿನ ಪೆಟ್ಟಿಗೆಯ ಬೀಗದಕೈ ಯಾರ ಬಳಿ?

ಸಂಘದ ಮೊಹರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಕಾರ್ಯದರ್ಶಿಗಳು ತಮ್ಮ ಬಳಿಯೇ ಇಟ್ಟುಕೊಳ್ಳುವುದು ನಮ್ಮ ಸಹಕಾರ ಸಂಘಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಧ್ಯಕ್ಷರು ಖಾಲಿ ಚೆಕ್ಕಿಗೆ ಸಹಿ ಹಾಕಿ ಗುಮಾಸ್ತರ ಕೈಗೆ ಕೊಟ್ಟರೆಂದು ತಿಳಿದರೆ ಸರ್ವಸದಸ್ಯರ ಸಭೆಯಲ್ಲಿ ಗದ್ದಲವೇ ಎದ್ದೀತು. ಆದರೆ ಅದೇ ಅಧ್ಯಕ್ಷರ ಡಿಜಿಟಲ್ ಸಹಿಯನ್ನು ಹೊತ್ತ, ಹೆಬ್ಬೆರಳಿನ ಗಾತ್ರದ ಟೋಕನ್ ಎಷ್ಟೋ ಕಛೇರಿಗಳಲ್ಲಿ ತಿಂಗಳುಗಟ್ಟಲೆ ಗಣಕಯಂತ್ರಕ್ಕೆ ಸಿಕ್ಕಿಸಿದಂತೆಯೇ ಇರುತ್ತದೆ. ಅದರ ಪಿನ್ ಸಂಖ್ಯೆ ಕೀಲಿಮಣೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಇದು ಖಾಲಿ ಚೆಕ್ಕಿಗಿಂತ ದೊಡ್ಡ ಅಪಾಯ. ಚೆಕ್ಕಾದರೆ ಒಂದು, ಟೋಕನ್ನಿನಿಂದ ಎಷ್ಟು ಸಹಿಗಳನ್ನಾದರೂ ಹಾಕಬಹುದು.

ಈ ವಿಷಯವನ್ನು ಕೈಗೆತ್ತಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸದಸ್ಯರಿಂದ, ಅದರಲ್ಲೂ ಮಿಡಿಗೇಶಿ ಹೋಬಳಿಯ ಅಡಿಕೆ ತೋಟದವರಿಂದ, ಒಂದೇ ಬಗೆಯ ದೂರು ನಮಗೆ ಬರುತ್ತಿದೆ. ಜಾಲತಾಣದಿಂದ ಇಳಿಸಿಕೊಂಡ ಆಧಾರ್ ಕಡತವನ್ನು ಗಣಕಯಂತ್ರದಲ್ಲಿ ತೆರೆದರೆ, ಸಹಿ ಇರಬೇಕಾದ ಜಾಗದಲ್ಲಿ ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ ಮೂಡಿ, ಸಿಂಧುತ್ವ ತಿಳಿಯದು ಎಂಬ ಅರ್ಥದ ಇಂಗ್ಲಿಷ್ ಮಾತು ಕಾಣುತ್ತದೆ. ಒಂದು ಕಡೆ ಅದನ್ನೇ ಹಿಡಿದು 'ನಿಮ್ಮ ದಾಖಲೆಯ ಸಹಿ ಸರಿಯಿಲ್ಲ' ಎಂದು ಸಾಲದ ಅರ್ಜಿಯನ್ನು ಹಿಂದಕ್ಕೆ ಕೊಟ್ಟರಂತೆ. ದಾಖಲೆ ಸುಳ್ಳಲ್ಲ, ಸಹಿಯೂ ಸುಳ್ಳಲ್ಲ. ಸಹಿ ಮಾಡಿದವರು ಯಾರೆಂಬುದನ್ನು ಗುರುತಿಸುವ ಪ್ರಮಾಣಪತ್ರ ಆ ಗಣಕಯಂತ್ರದ ಉಗ್ರಾಣದಲ್ಲಿ ಇರಲಿಲ್ಲ, ಅಷ್ಟೆ.

ಉಗ್ರಾಣ ಎಂದೆವು. ಅದರ ಬಾಗಿಲು ತೆರೆಯುವ ಮೊದಲು ಒಂದೆರಡು ಹಿನ್ನೆಲೆಯ ಮಾತು.

ನಮ್ಮ ರಾಜ್ಯದ ರೈತರಿಗೆ ಗಣಕಯಂತ್ರದ ದಾಖಲೆ ಹೊಸದಲ್ಲ. 'ಭೂಮಿ' ಯೋಜನೆ ಬಂದದ್ದು 2000ದ ಆಸುಪಾಸಿನಲ್ಲಿ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಶ್ಯಾನುಭೋಗರ ಕಾಲದಿಂದ ಬಂದ ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಏರಿದವು. ಆ ಯೋಜನೆಯಲ್ಲಿ ಕೆಲಸ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರದೊಳಗೆ ಹೋಗಬೇಕೆಂದು ಕಟ್ಟು ಮಾಡಿದ್ದರ ಉದ್ದೇಶ ಒಂದೇ. ಯಾರು ತಿದ್ದಿದರು ಎಂಬುದಕ್ಕೆ ಗುರುತು ಉಳಿಯಬೇಕು, ಆಮೇಲೆ 'ನಾನಲ್ಲ' ಎನ್ನುವಂತಿರಬಾರದು. ಪಾವಗಡದ ತಿರುಮಣಿ ಸುತ್ತಿನ ಸುಮಾರು 13,000 ಎಕರೆ ಜಮೀನು ಸೌರ ವಿದ್ಯುತ್ ಉದ್ಯಾನಕ್ಕೆ ಗುತ್ತಿಗೆಗೆ ಹೋದಾಗ ಪಹಣಿಯ ಒಂದೊಂದು ಅಕ್ಷರಕ್ಕೂ ಎಷ್ಟು ಬೆಲೆ ಬಂತೆಂಬುದನ್ನು ಆ ಕಡೆಯ ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಕಾಯಿದೆಯ ಬಲ ಸಿಕ್ಕಿದ್ದೂ ಅದೇ ವರ್ಷ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂತು. ಅದರ 5ನೇ ಕಲಮಿನಿಂದಾಗಿ ಡಿಜಿಟಲ್ ಸಹಿಗೆ ಕೈಸಹಿಯ ಮಾನ್ಯತೆ ದೊರೆಯಿತು. ಎಲ್ಲದಕ್ಕೂ ಅಲ್ಲ. ಉದಾಹರಣೆಗೆ ಮರಣಶಾಸನಕ್ಕೆ ಈ ಸಹಿ ಇಂದಿಗೂ ಸಲ್ಲದು. ಆ ಕಾಗದಕ್ಕೆ ಶಾಯಿಯೂ ಸಾಕ್ಷಿಗಳೂ ಬೇಕು.

ಈ ಸಹಿಯ ಒಳಗುಟ್ಟು ಜೋಡಿ ಕೀಲಿಗಳಲ್ಲಿದೆ. ಒಂದು ಗುಪ್ತ ಕೀಲಿ, ಇನ್ನೊಂದು ಬಹಿರಂಗ ಕೀಲಿ. ಗುಪ್ತ ಕೀಲಿಯಿಂದ ಹಾಕಿದ ಸಹಿಯನ್ನು ಅದರ ಜೋಡಿಯಾದ ಬಹಿರಂಗ ಕೀಲಿಯಿಂದ ಮಾತ್ರ ತಾಳೆ ನೋಡಬಹುದು. ಸಹಿಯಾದ ಮೇಲೆ ಕಡತದ ಒಂದು ಸೊನ್ನೆ ಬದಲಾದರೂ ತಾಳೆ ತಪ್ಪುತ್ತದೆ. ಡಿಜಿಟಲ್ ಪ್ರಮಾಣಪತ್ರವೆಂದರೆ, 'ಈ ಬಹಿರಂಗ ಕೀಲಿ ಇಂಥವರದ್ದು, ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತ' ಎಂದು ಇನ್ನೊಬ್ಬರು ಬರೆದುಕೊಟ್ಟ ಜಾಮೀನು ಪತ್ರ. ಪತ್ರವನ್ನು ಯಾರಿಗೆ ಬೇಕಾದರೂ ತೋರಿಸಬಹುದು, ಮುಚ್ಚಿಡುವುದು ಏನೂ ಇಲ್ಲ. ಜೋಪಾನ ಮಾಡಬೇಕಾದದ್ದು ಗುಪ್ತ ಕೀಲಿಯನ್ನು. ಇವೆರಡನ್ನೂ ಒಂದೇ ಎಂದು ತಿಳಿದುಕೊಂಡಿರುವುದೇ ಅರ್ಧ ಗೊಂದಲಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಜಾಮೀನುದಾರನಿಗೆ ಜಾಮೀನು ಯಾರು? ನಮ್ಮ ದೇಶದಲ್ಲಿ ಪ್ರಮಾಣಪತ್ರ ಕೊಡಲು ಪರವಾನಗಿ ಪಡೆದ ಸಂಸ್ಥೆಗಳಿವೆ. ಬೆಂಗಳೂರಿನ ಇ-ಮುದ್ರಾ ಅವುಗಳಲ್ಲಿ ಒಂದು. ಈ ಸಂಸ್ಥೆಗಳಿಗೆಲ್ಲ ಮೇಲಿರುವವರು ಕೇಂದ್ರ ಸರ್ಕಾರದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು. ಅವರ ಮೂಲ ಪ್ರಮಾಣಪತ್ರವೇ ಸರಪಣಿಯ ಕೊನೆಯ ಕೊಂಡಿ. ಅದಕ್ಕೆ ಮತ್ತೆ ಜಾಮೀನು ಇಲ್ಲ. ಅದು ತನಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ಆದ್ದರಿಂದ ಅದನ್ನು ನಂಬಬೇಕೋ ಬಾರದೋ ಎಂಬುದು ಆ ಪತ್ರವನ್ನು ನೋಡಿ ತೀರ್ಮಾನವಾಗುವ ಮಾತಲ್ಲ. ಅದು ನಮ್ಮ ಗಣಕಯಂತ್ರದ ಉಗ್ರಾಣದಲ್ಲಿ ಮೊದಲೇ ಇದೆಯೇ ಎಂಬುದರ ಮೇಲೆ ನಿಂತಿದೆ.

ಈಗ ಉಗ್ರಾಣಕ್ಕೆ ಬರೋಣ. ಕೂಡುಕುಟುಂಬದಲ್ಲಿ ಮನೆಗೆಲ್ಲ ಒಂದು ಉಗ್ರಾಣವಿರುತ್ತದೆ, ಸೊಸೆಯರಿಗೆ ತವರಿನಿಂದ ತಂದ ತಮ್ಮ ತಮ್ಮ ಟ್ರಂಕುಗಳೂ ಇರುತ್ತವೆ. ವಿಂಡೋಸ್ ಗಣಕಯಂತ್ರದಲ್ಲೂ ಹಾಗೆಯೇ. ಇಡೀ ಯಂತ್ರಕ್ಕೆ ಸೇರಿದ ಪ್ರಮಾಣಪತ್ರಗಳ ಉಗ್ರಾಣ ಒಂದು, ಒಳಗೆ ಬರುವ ಒಬ್ಬೊಬ್ಬ ಬಳಕೆದಾರನಿಗೂ ಬೇರೆ ಬೇರೆ ಟ್ರಂಕು. ಕಾರ್ಯದರ್ಶಿಗಳ ಹೆಸರಿನಲ್ಲಿ ಯಂತ್ರ ತೆರೆದಾಗ ಕಾಣುತ್ತಿದ್ದ ಪ್ರಮಾಣಪತ್ರ, ಗುಮಾಸ್ತರ ಹೆಸರಿನಲ್ಲಿ ತೆರೆದಾಗ ಮಾಯವಾಗುವುದಕ್ಕೆ ಇದೇ ಕಾರಣ. ಅದು ಕಳೆದಿಲ್ಲ, ಇನ್ನೊಬ್ಬರ ಟ್ರಂಕಿನಲ್ಲಿದೆ. ಹೀಗೆ ಮಾಯವಾದದ್ದಕ್ಕೆ ಯಂತ್ರವನ್ನೇ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದವರ ಸುದ್ದಿಯನ್ನೂ ಕೇಳಿದ್ದೇವೆ. ಹಾಗೆ ಅಳಿಸಿದಾಗ ಟ್ರಂಕಿನಲ್ಲಿದ್ದದ್ದು ನಿಜವಾಗಿಯೂ ಹೋಗುತ್ತದೆ.

ಮನೆಯ ಉಗ್ರಾಣಕ್ಕೆ ಕೈ ಹಾಕದೆ ಬೇರೆ ಒಲೆ ಹೂಡಿದ ತಂತ್ರಾಂಶಗಳೂ ಇವೆ. ಫೈರ್‌ಫಾಕ್ಸ್ ತನ್ನದೇ ಪಟ್ಟಿ ಇಟ್ಟುಕೊಂಡಿದೆ. ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಬೇರೆಯೇ ಒಂದು ಕೀಲಿ ಉಗ್ರಾಣವಿದೆ. ಅದಕ್ಕೆ ತಯಾರಕರು ಇಟ್ಟುಕೊಟ್ಟ ಪಾಸ್‌ವರ್ಡ್ 'ಚೇಂಜ್‌ಇಟ್', ಎಂದರೆ 'ಇದನ್ನು ಬದಲಿಸು'. ಹೆಸರಿನಲ್ಲೇ ಬದಲಿಸು ಎಂದು ಬೇಡಿಕೊಳ್ಳುವ ಈ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟವರೇ ಹೆಚ್ಚು! ಪಿಡಿಎಫ್ ಕಡತಗಳನ್ನು ತೆರೆಯುವ ಅಡೋಬ್ ರೀಡರ್ ಕೂಡ ತನ್ನ ನಂಬಿಕೆಯ ಪಟ್ಟಿಯನ್ನು ಪ್ರತ್ಯೇಕವಾಗಿಟ್ಟುಕೊಂಡಿದೆ. ಮಿಡಿಗೇಶಿಯ ಸದಸ್ಯರನ್ನು ಕಾಡಿದ ಪ್ರಶ್ನಾರ್ಥಕ ಚಿಹ್ನೆ ಹುಟ್ಟಿದ್ದು ಇಲ್ಲಿ. ಆ ಪಟ್ಟಿಯಲ್ಲಿ ನಮ್ಮ ದೇಶದ ಮೂಲ ಪ್ರಮಾಣಪತ್ರ ಇಲ್ಲದಿದ್ದರೆ, ಸಹಿ ಎಷ್ಟು ಸಾಚಾ ಆಗಿದ್ದರೂ ರೀಡರ್ 'ಇವರು ಯಾರೋ ನನಗೆ ಗೊತ್ತಿಲ್ಲ' ಎನ್ನುತ್ತದೆ. ಸುಳ್ಳು ಎನ್ನುವುದಿಲ್ಲ. ಸಹಿಯ ನಂತರ ಕಡತವನ್ನು ತಿದ್ದಿದ್ದರೆ ಬರುವ ಎಚ್ಚರಿಕೆ ಬೇರೆ. ಅದು ಕೆಂಪು ಬಣ್ಣದ ಗುಣಾಕಾರ ಚಿಹ್ನೆ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಹಳದಿಗೂ ಕೆಂಪಿಗೂ ಇರುವ ಈ ಅಂತರವನ್ನು ತಿಳಿದಿದ್ದರೆ ಎಷ್ಟೋ ಸದಸ್ಯರಿಗೆ ಎರಡು ಬಸ್ಸಿನ ಖರ್ಚು ಉಳಿಯುತ್ತದೆ.

ಇದಕ್ಕೆ ಊರೆಲ್ಲ ಹಬ್ಬಿರುವ ಒಂದು ಪರಿಹಾರವಿದೆ. ಚಿಹ್ನೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸಹಿಯ ವಿವರ ತೆರೆದು, ಸಹಿ ಮಾಡಿದವರ ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಿ, 'ಟ್ರಸ್ಟ್' ಎಂಬಲ್ಲಿ ನಂಬಿಕಸ್ಥರ ಪಟ್ಟಿಗೆ ಸೇರಿಸಿ, ಮತ್ತೊಮ್ಮೆ ತಾಳೆ ನೋಡಿಸಿದರೆ ಹಸಿರು ಗುರುತು ಬರುತ್ತದೆ. ಬರುತ್ತದೆ, ನಿಜ. ಆದರೆ ಇಲ್ಲಿ ನಾವು ಮಾಡಿದ್ದೇನು? ಬಾಗಿಲಿಗೆ ಬಂದ ಅಪರಿಚಿತನನ್ನು 'ನೀನು ಯಾರು' ಎಂದು ಕೇಳಿ, ಅವನು ಹೇಳಿದ್ದನ್ನೇ ನಂಬಿ, ಮನೆಯ ಬಂಧುಗಳ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಂಡಂತಾಯಿತು. ಖೋಟಾ ದಾಖಲೆ ತಯಾರಿಸುವವನು 'ತಹಶೀಲ್ದಾರ್' ಎಂಬ ಹೆಸರಿಟ್ಟು ತಾನೇ ಒಂದು ಪ್ರಮಾಣಪತ್ರ ಮಾಡಿಕೊಂಡು ಸಹಿ ಹಾಕಿದರೂ, ಇದೇ ವಿಧಾನದಿಂದ ಅದಕ್ಕೂ ಹಸಿರು ಗುರುತು ಬಂದೇ ಬರುತ್ತದೆ. ಸರಿಯಾದ ಕ್ರಮವೆಂದರೆ, ನಿಯಂತ್ರಕರ ಅಧಿಕೃತ ಜಾಲತಾಣದಿಂದ ಮೂಲ ಪ್ರಮಾಣಪತ್ರವನ್ನು ಒಮ್ಮೆ ತಂದು ಉಗ್ರಾಣದಲ್ಲಿ ಇಟ್ಟುಕೊಂಡುಬಿಡುವುದು. ಆಮೇಲೆ ಸರಪಣಿ ಅಲ್ಲಿಯವರೆಗೆ ಮುಟ್ಟುವ ಸಹಿಗಳಿಗೆ ತಾನಾಗಿ ಹಸಿರು ಬರುತ್ತದೆ, ಮುಟ್ಟದವಕ್ಕೆ ಬರುವುದಿಲ್ಲ. ಆ ಮೂಲ ಪತ್ರಕ್ಕೂ ಅವಧಿ ಉಂಟು. 2014ರದ್ದು ಹೋಗಿ 2022ರದ್ದು ಬಂದಿದೆ. ಹಾಗಾಗಿ ಒಮ್ಮೆ ತಂದಿಟ್ಟರೆ ಜನ್ಮಕ್ಕಾಯಿತು ಎಂದು ತಿಳಿಯುವಂತಿಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಡಿಜಿಟಲ್ ಸಹಿ ಬದುಕಿರುವುದು ಕಡತದಲ್ಲಿ. ಕಾಗದದ ಮೇಲೆ ಅಚ್ಚು ಹಾಕಿದ ಮೇಲೆ ಅದು ಬರಿಯ ಚಿತ್ರ. ಹಸಿರು ಗುರುತಿನ ಸಮೇತ ಮುದ್ರಿಸಿ ತಂದು 'ನೋಡಿ ಸ್ವಾಮಿ, ಸಹಿ ಸರಿಯಾಗಿದೆ' ಎಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ನಾಡಕಛೇರಿಯ ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಆರ್.ಡಿ. ಸಂಖ್ಯೆ ಕೊಟ್ಟಿರುವುದು ಇದಕ್ಕಾಗಿಯೇ. ಆ ಸಂಖ್ಯೆ ಹಾಕಿ ಇಲಾಖೆಯ ಜಾಲತಾಣದಲ್ಲಿ ನೋಡಿದರೆ ಕಾಗದದ ನಿಜಸ್ಥಿತಿ ತಿಳಿಯುತ್ತದೆ.

ಉಗ್ರಾಣಕ್ಕೆ ಯಾರನ್ನು ಸೇರಿಸುತ್ತೇವೆ ಎಂಬುದು ಎಷ್ಟು ದೊಡ್ಡ ವಿಷಯವೆಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಕರಣವಿದೆ. 2014ರ ಜುಲೈ 2ರಂದು ಗೂಗಲ್ ಸಂಸ್ಥೆಗೆ ಒಂದು ವಿಚಿತ್ರ ಕಂಡಿತು. ತನ್ನದೇ ಜಾಲ ವಿಳಾಸಗಳ ಹೆಸರಿಗೆ, ತಾನು ಕೇಳದೆಯೇ, ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್.ಐ.ಸಿ.) ಪ್ರಮಾಣೀಕರಣ ಪ್ರಾಧಿಕಾರದಿಂದ ಪ್ರಮಾಣಪತ್ರಗಳು ಹೊರಟಿದ್ದವು. ಅಂಥ ಪತ್ರ ಕೈಯಲ್ಲಿದ್ದವನು ನಡುದಾರಿಯಲ್ಲಿ ನಿಂತು 'ನಾನೇ ಗೂಗಲ್' ಎಂದರೆ, ಭಾರತದ ಮೂಲ ಪತ್ರವನ್ನು ನಂಬುವ ಗಣಕಯಂತ್ರ ಹೌದೆಂದು ತಲೆಯಾಡಿಸುತ್ತದೆ. ಮರುದಿನವೇ ನಿಯಂತ್ರಕರು ಆ ಕೇಂದ್ರದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಮೈಕ್ರೋಸಾಫ್ಟ್ ಸಂಸ್ಥೆ 45 ಪ್ರಮಾಣಪತ್ರಗಳನ್ನು ನಂಬಬಾರದವುಗಳ ಪಟ್ಟಿಗೆ ಹಾಕಿತು. ಗೂಗಲ್ ತನ್ನ ಕ್ರೋಮ್‌ನಲ್ಲಿ ಭಾರತದ ಮೂಲ ಪತ್ರದ ಜಾಮೀನನ್ನು ಸರ್ಕಾರಿ ವಿಳಾಸಗಳೇ ಮೊದಲಾದ ಕೆಲವೇ ಗುಂಪುಗಳಿಗೆ ಸೀಮಿತಗೊಳಿಸುವುದಾಗಿ ಸಾರಿತು. ಇಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ ಬೇರೆ ಇದೆ. ಅಪಾಯ ತಟ್ಟಬಹುದಾಗಿದ್ದುದು ವಿಂಡೋಸ್‌ನ ಉಗ್ರಾಣವನ್ನು ಬಳಸುವ ತಂತ್ರಾಂಶಗಳಿಗೆ. ಭಾರತದ ಮೂಲ ಪತ್ರ ಆ ಉಗ್ರಾಣದಲ್ಲಿತ್ತು. ಸ್ವಂತ ಪಟ್ಟಿಯ ಫೈರ್‌ಫಾಕ್ಸಿಗೆ ಅದು ತಟ್ಟಲಿಲ್ಲ, ಏಕೆಂದರೆ ಆ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಒಂದೇ ಮೇಜಿನ ಮೇಲಿನ ಒಂದೇ ಯಂತ್ರ, ಎರಡು ತಂತ್ರಾಂಶ. ಒಂದಕ್ಕೆ ಗಂಡಾಂತರ, ಇನ್ನೊಂದಕ್ಕೆ ಇಲ್ಲ.

ಇಲ್ಲಿಯವರೆಗೆ ಪರರ ಸಹಿಯನ್ನು ನಂಬುವ ಮಾತಾಯಿತು. ನಮ್ಮ ಸಂಘದ ಸಹಿಯನ್ನು ಇಟ್ಟುಕೊಳ್ಳುವ ಮಾತು ಇದಕ್ಕಿಂತ ಸೂಕ್ಷ್ಮ.

ಅನೇಕ ಸಂಘಗಳು ಈಗ ತಮ್ಮ ಲೆಕ್ಕಪತ್ರಕ್ಕೆ ತಂತ್ರಾಂಶ ಬರೆಸಿಕೊಂಡಿವೆ. ಅಡಿಕೆ ಖರೀದಿಯ ರಶೀದಿ, ಕಾಫಿಯ ದಾಸ್ತಾನು ಪಟ್ಟಿ ಇವೆಲ್ಲ ತಂತ್ರಾಂಶದಿಂದಲೇ ಸಹಿಯಾಗಿ ಹೊರಬೀಳಬೇಕೆಂಬ ಆಸೆಯೂ ಇದೆ. ಬರೆದುಕೊಡುವವರು ಕೆಲಸ ಸುಲಭವಾಗಲೆಂದು ಗುಪ್ತ ಕೀಲಿಯನ್ನೂ ಪ್ರಮಾಣಪತ್ರವನ್ನೂ ಒಂದೇ ಕಡತದಲ್ಲಿ ಕಟ್ಟಿ, ತಂತ್ರಾಂಶದ ಪಕ್ಕದಲ್ಲೇ ಇಟ್ಟು, ಅದರ ಪಾಸ್‌ವರ್ಡನ್ನು ತಂತ್ರಾಂಶದೊಳಗೇ ಬರೆದುಬಿಡುವುದುಂಟು. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಎತ್ತಿಕೊಂಡವನು ಸಂಘದ ಮೊಹರನ್ನೇ ಎತ್ತಿಕೊಂಡು ಹೋದ ಹಾಗೆ. ಮೊಹರು ಕಳೆದರೆ ಬೀರು ಖಾಲಿಯಾಗಿ ಕಾಣುತ್ತದೆ, ಇಲ್ಲಿ ನಕಲು ಹೋದರೂ ಅಸಲು ಇದ್ದಲ್ಲೇ ಇರುತ್ತದೆ. ಕಳವಾದದ್ದೇ ತಿಳಿಯುವುದಿಲ್ಲ. ಕಡಿಮೆಯೆಂದರೂ ಆ ಕೀಲಿಯನ್ನು ವಿಂಡೋಸ್‌ನ ಉಗ್ರಾಣದೊಳಗೆ, ಮತ್ತೆ ಹೊರತೆಗೆಯಲಾಗದು ಎಂಬ ಗುರುತಿನೊಂದಿಗೆ ಇಡಿಸಬೇಕು. ಆ ತಂತ್ರಾಂಶ ನಡೆಯುವ ಖಾತೆಯೊಂದಕ್ಕೆ ಮಾತ್ರ ಅದನ್ನು ಬಳಸುವ ಅನುಮತಿ ಇರಬೇಕು. ಮೂಲ ಕಡತವನ್ನು ಯಂತ್ರದಿಂದ ತೆಗೆದು ತಿಜೋರಿಯಲ್ಲಿ ಇಡಬೇಕು. ಬರೆಸಿಕೊಳ್ಳುವಾಗಲೇ ಈ ಮಾತನ್ನು ಕರಾರಿನಲ್ಲಿ ಸೇರಿಸುವುದು ಲೇಸು, ಆಮೇಲೆ ಕೇಳಿದರೆ ಹೆಚ್ಚಿನ ಹಣ ಕೇಳುತ್ತಾರೆ.

ಇಟ್ಟದ್ದನ್ನು ತೆಗೆಯುವುದರಲ್ಲೂ ತೊಡಕಿದೆ. ಪ್ರಮಾಣಪತ್ರವನ್ನು ನವೀಕರಿಸಿದಾಗ ಉಗ್ರಾಣದಲ್ಲಿ ಒಂದೇ ಹೆಸರಿನ ಎರಡು ಪತ್ರಗಳು ಕೂರುತ್ತವೆ, ಅವಧಿ ಮುಗಿದದ್ದು ಒಂದು, ಹೊಸದು ಒಂದು. ತಂತ್ರಾಂಶ ಹೆಸರು ಹಿಡಿದು ಹುಡುಕಿದರೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ, ಅದು ಹಳೆಯದೇ ಆಗಿರಬಹುದು. ಮಾರ್ಚ್ 31ರ ಸಂಜೆ ವಿವರಣೆ ಪಟ್ಟಿ ಸಲ್ಲಿಸಲು ಕೂತವರಿಗೆ ಈ ಅನುಭವ ಹೊಸದೇನಲ್ಲ. ಇದಕ್ಕಾಗಿಯೇ ಒಂದೊಂದು ಪ್ರಮಾಣಪತ್ರಕ್ಕೂ 40 ಸ್ಥಾನಗಳ ಬೆರಳಚ್ಚಿನಂಥ ಗುರುತು ಇರುತ್ತದೆ. 'ಥಂಬ್‌ಪ್ರಿಂಟ್' ಎಂದೇ ಅದಕ್ಕೆ ಹೆಸರು. ಹೆಸರಿನಿಂದಲ್ಲ, ಆ ಗುರುತಿನಿಂದ ಪತ್ರವನ್ನು ಹುಡುಕಿಸಬೇಕು. ಹಳೆಯ ವಿಂಡೋಸ್‌ಗಳಲ್ಲಿ ಆ ಗುರುತನ್ನು ಕಿಟಕಿಯಿಂದ ನಕಲಿಸಿಕೊಂಡರೆ ಮೊದಲಿಗೆ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಅಂಟಿಕೊಂಡು ಬಂದು, ಪತ್ರ ಅಲ್ಲೇ ಇದ್ದರೂ ತಂತ್ರಾಂಶ 'ಇಲ್ಲ' ಎನ್ನುತ್ತಿತ್ತು. ಕೈಯಿಂದ ಬೆರಳಚ್ಚು ಮಾಡಿಕೊಂಡರೆ ಆ ಕಾಟ ಇಲ್ಲ.

ಪದಾಧಿಕಾರಿಗಳು ಪಡೆಯುವ ಸಹಿ ಮಾತ್ರ ಹೀಗೆ ಕಡತದಲ್ಲಿ ಬರುವುದಿಲ್ಲ. ಅದರ ಗುಪ್ತ ಕೀಲಿ ಟೋಕನ್ನಿನೊಳಗೇ ಹುಟ್ಟಿ, ಅಲ್ಲೇ ಉಳಿಯಬೇಕೆಂಬ ನಿಯಮವಿದೆ. 2021ರ ಜನವರಿ 1ರಿಂದ 2ನೇ ದರ್ಜೆಯ ಪ್ರಮಾಣಪತ್ರ ನಿಂತುಹೋಗಿ 3ನೇ ದರ್ಜೆಯದು ಮಾತ್ರ ಉಳಿದಿದೆ. ಕೀಲಿ ಟೋಕನ್ನಿನಿಂದ ಹೊರಬರುವುದಿಲ್ಲವೆಂಬುದು ದೊಡ್ಡ ರಕ್ಷಣೆ. ಅಂದಮೇಲೆ ಅದನ್ನು ಕಳೆದುಕೊಂಡರೆ ನಕಲೂ ಇಲ್ಲ. ತಪ್ಪು ಪಿನ್ ಒತ್ತುತ್ತ ಹೋದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ, ಎಷ್ಟೋ ಬಾರಿ ಹೊಸದನ್ನೇ ಕೊಳ್ಳಬೇಕಾಗುತ್ತದೆ. ಆದರೆ ಇಷ್ಟೆಲ್ಲ ರಕ್ಷಣೆಯೂ ಪಿನ್ ಬರೆದ ಚೀಟಿಯ ಮುಂದೆ ನಿಲ್ಲುವುದಿಲ್ಲ. ಮಧುಗಿರಿ ಕೋಟೆಗೆ ಬಾಗಿಲ ಮೇಲೆ ಬಾಗಿಲು ಕಟ್ಟಿದವರು ದಿಡ್ಡಿ ಬಾಗಿಲಿಗೂ ಕಾವಲು ಇಟ್ಟಿರಲೇಬೇಕಲ್ಲ.

'ಗುಮಾಸ್ತರು ಒತ್ತಿದರು, ನನಗೆ ತಿಳಿಯದು' ಎಂಬ ಮಾತು ಕಾಯಿದೆಯಲ್ಲಿ ನಡೆಯುವುದಿಲ್ಲ. 42ನೇ ಕಲಮಿನ ಪ್ರಕಾರ ಗುಪ್ತ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ತಕ್ಕ ಎಚ್ಚರಿಕೆ ವಹಿಸುವುದು ಪ್ರಮಾಣಪತ್ರ ಪಡೆದವರ ಹೊಣೆ. ಅದು ಪರರ ಪಾಲಾಯಿತೆಂದು ತಿಳಿದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಳಿಸುವವರೆಗಿನ ಹೊಣೆಯೂ ಅವರದೇ. ಇನ್ನೊಬ್ಬರ ಸಹಿಯನ್ನು ಮೋಸದಿಂದ ಬಳಸಿದವರಿಗೆ 66ಸಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಮೋಸ ಮಾಡಿದವನು ಜೈಲಿಗೆ ಹೋದ ಮಾತ್ರಕ್ಕೆ ಸಂಘದ ಹಣ ಹಿಂದಕ್ಕೆ ಬಂದೀತೆಂಬ ಭರವಸೆ ಇಲ್ಲ. 'ಅಧ್ಯಕ್ಷರು ದಿನಾ ಮಧುಗಿರಿಯಿಂದ ಬಂದು ಸಹಿ ಒತ್ತಲಾದೀತೇ' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹಾಗಿದ್ದಲ್ಲಿ ಆಡಳಿತ ಮಂಡಳಿ ಠರಾವು ಮಾಡಿ, ದಿನನಿತ್ಯದ ಕಾಗದಗಳಿಗೆ ಕಾರ್ಯದರ್ಶಿಗಳಿಗೇ ಅಧಿಕಾರ ಕೊಟ್ಟು, ಅವರ ಹೆಸರಿನಲ್ಲೇ ಬೇರೆ ಪ್ರಮಾಣಪತ್ರ ಪಡೆಯಲಿ. ಇನ್ನೊಂದು ಟೋಕನ್ನಿನ ಖರ್ಚು ಸಂಘಕ್ಕೆ ಹೊರೆಯಾಗುವಂಥದ್ದಲ್ಲ.

ಒಬ್ಬೊಬ್ಬ ಬೆಳೆಗಾರನಿಗೆ ಈ ಟೋಕನ್ನಿನ ತಂಟೆಯೇ ಬೇಡ. 2015ರಿಂದ ಆಧಾರ್ ಮೂಲಕ ಇ-ಸಹಿ ಹಾಕುವ ಏರ್ಪಾಡಿದೆ. ಮೊಬೈಲಿಗೆ ಬರುವ ಸಂಖ್ಯೆಯನ್ನು ಒತ್ತಿದರೆ, ಆ ಒಂದು ಸಹಿಗಾಗಿಯೇ ಕೀಲಿ ಹುಟ್ಟಿ, ಸಹಿಯಾದ ಮೇಲೆ ನಾಶವಾಗುತ್ತದೆ. ಇಟ್ಟುಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ. ಆ ಸಂಖ್ಯೆಯನ್ನು ಕೇಳಿದವರಿಗೆಲ್ಲ ಹೇಳದಿದ್ದರೆ ಸಾಕು.

ಕೊನೆಯದಾಗಿ ಚುನಾವಣೆಯ ಮಾತು. ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಬದಲಾಗುತ್ತದೆ. ಹೊಸ ಅಧ್ಯಕ್ಷರು ಹೊಸ ಪ್ರಮಾಣಪತ್ರ ಪಡೆಯುತ್ತಾರೆ, ಹಳೆಯ ಅಧ್ಯಕ್ಷರ ಟೋಕನ್ ಮೇಜಿನ ಡ್ರಾಯರಿನಲ್ಲೇ ಉಳಿಯುತ್ತದೆ, ಇನ್ನೂ ಒಂದು ವರ್ಷದ ಅವಧಿಯೊಂದಿಗೆ. ಅಧಿಕಾರ ಹಸ್ತಾಂತರದ ದಿನವೇ ಅದನ್ನು ರದ್ದುಪಡಿಸಲು ಪ್ರಾಧಿಕಾರಕ್ಕೆ ಬರೆದು, ಸಂಘದ ಹೆಸರಿರುವ ಸರ್ಕಾರಿ ಜಾಲತಾಣಗಳಿಂದಲೂ ಆ ಸಹಿಯ ನೋಂದಣಿಯನ್ನು ತೆಗೆಸಬೇಕು. ಹಾಗೆಂದು ಟೋಕನ್ನನ್ನು ಅಳಿಸಿಬಿಡಬಾರದು. ಟೆಂಡರು ಕರೆಯುವ ಸಂಘಗಳಲ್ಲಿ ಸಹಿಯ ಕೀಲಿಯ ಜೊತೆಗೆ ಗೂಢಲಿಪಿಯ ಕೀಲಿಯೂ ಅದೇ ಟೋಕನ್ನಿನಲ್ಲಿರಬಹುದು. ಆ ಕೀಲಿಗೆ ಬಂದು ಮುಚ್ಚಿರುವ ದರಪಟ್ಟಿಗಳನ್ನು ಬೇರೆ ಯಾವುದೂ ತೆರೆಯಲಾರದು. ಅಂಥ ಟೆಂಡರುಗಳೆಲ್ಲ ತೆರೆದು ಮುಗಿಯುವವರೆಗೆ ಹಳೆಯ ಟೋಕನ್ನನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಮುದ್ರೆ ಒತ್ತಿ, ಯಾರದು, ಯಾವ ದಿನ ರದ್ದಾಯಿತು ಎಂದು ಮೇಲೆ ಬರೆದು, ಮೊಹರಿನ ಪಕ್ಕದಲ್ಲೇ ಬೀರುವಿನಲ್ಲಿ ಇಡತಕ್ಕದ್ದು.